ಕೇಳಿ ನೋಡೋಣ: ಲಿನಕ್ಸ್‌ನಲ್ಲಿ ಗೇಮ್ ಯಾಕೆ ತಡವರಿಸುತ್ತೆ?

ಪ್ರಶ್ನೆ: ಸರ್, ಡೆಸ್ಕ್‌ಟಾಪ್‌ಗೆ ಉಬುಂಟು ಹಾಕಿಕೊಂಡಿದ್ದೇನೆ. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದೆ, 16 ಜಿಬಿ ರ‍್ಯಾಮ್ ಇದೆ. ವಿಂಡೋಸ್‌ನಲ್ಲಿ ಸಲೀಸಾಗಿ ಓಡುತ್ತಿದ್ದ ಗೇಮ್ ಇಲ್ಲಿ ಸ್ಟೀಮ್‌ನಲ್ಲಿ ತಡವರಿಸುತ್ತದೆ. ಗೇಮ್‌ಗಳೆಲ್ಲ ಹಳೆಯ ವಿಂಡೋಸ್ ಡ್ರೈವ್‌ನಲ್ಲೇ ಇವೆ. ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಬದಲಿಸಿ ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಬದಲಿಸಲಾ?

ಉತ್ತರ: ಕರ್ನಲ್ ಪಾಡಿಗೆ ಕರ್ನಲ್ ಇರಲಿ, ಈಗಲೇ ಕೈ ಹಾಕಬೇಡಿ. ಮೊದಲು ಪರದೆಯ ಮೇಲೆ ಗೇಮ್ ಬಿಡಿಸುತ್ತಿರುವುದು ಯಾವ ಚಿಪ್ ಅಂತ ನೋಡಿ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಗ್ರಾಫಿಕ್ಸ್ ಅನ್ನುವ ಸಾಲು ಇರುತ್ತದೆ. ಅಲ್ಲಿ ‘ಎಲ್‌ಎಲ್‌ವಿಎಂಪೈಪ್’ ಅಂತಿದ್ದರೆ ನಿಮ್ಮ ಕಾರ್ಡ್ ಸುಮ್ನೆ ಕೂತಿದೆ, ಇಡೀ ಕೆಲಸ ಸಿಪಿಯು ತಲೆಗೆ ಬಿದ್ದಿದೆ ಎಂದರ್ಥ. ‘ಎನ್‌ವಿ’ ಪಕ್ಕದಲ್ಲಿ ಕಾರ್ಡ್ ಹೆಸರಿನ ಬದಲು ಬರೀ ಒಂದು ಚಿಕ್ಕ ಸಂಕೇತ ಇದ್ದರೆ ಓಡುತ್ತಿರುವುದು ನುವೋ, ಅಂದರೆ ಲಿನಕ್ಸ್ ಜೊತೆಗೇ ಬರುವ ಮುಕ್ತ ಡ್ರೈವರ್; ಗೇಮ್‌ಗೆ ಅದು ಸಾಲದು. ಎರಡರಲ್ಲಿ ಯಾವುದೇ ಆದರೂ ‘ಅಡಿಷನಲ್ ಡ್ರೈವರ್ಸ್’ ತೆರೆದು ಎನ್ವಿಡಿಯಾದ್ದೇ ಡ್ರೈವರ್ ಹಾಕಿ.

ಜಾಸ್ತಿ ಜನ ಎಡವುವುದು ಇಲ್ಲೇ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಡ್ರೈವರ್‌ಗಳನ್ನು ತಡೆಯುವ ವ್ಯವಸ್ಥೆ) ಆನ್ ಇದ್ದರೆ, ಡ್ರೈವರ್ ಹಾಕುವಾಗ ಒಂದು ಹೊಸ ಪಾಸ್‌ವರ್ಡ್ ಇಡಲು ಕೇಳಬಹುದು. ಹಾಗೆ ಕೇಳಿದ್ದರೆ ರೀಸ್ಟಾರ್ಟ್ ಮಾಡಿದ ತಕ್ಷಣ ನೀಲಿ ಪರದೆ ಬರುತ್ತದೆ. ಏನೋ ಕೆಟ್ಟಿತು ಅಂತ ಗಾಬರಿಯಾಗಿ ‘ಕಂಟಿನ್ಯೂ ಬೂಟ್’ ಒತ್ತಬೇಡಿ. ‘ಎನ್‌ರೋಲ್ ಎಂಒಕೆ’ ಆರಿಸಿ ಆ ಪಾಸ್‌ವರ್ಡ್ ಕೊಡಿ. ಸುಮ್ನೆ ನೋಡುತ್ತಾ ಕೂತರೂ ಅದು ತಾನಾಗಿಯೇ ಮುಂದೆ ಹೋಗಿಬಿಡುತ್ತದೆ. ಆಮೇಲೆ ಡ್ರೈವರ್ ಡಿಸ್ಕ್‌ನಲ್ಲಿ ಇರುತ್ತದೆ, ಲೋಡ್ ಮಾತ್ರ ಆಗುವುದಿಲ್ಲ.

ಹಾಗೇ ಕಂಪ್ಯೂಟರ್ ಹಿಂದಕ್ಕೆ ಬಗ್ಗಿ ನೋಡಿ. ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗೆ ಚುಚ್ಚಿದೆಯಾ, ಕಾರ್ಡ್‌ಗಾ? ಕಾರ್ಡ್‌ಗೇ ಚುಚ್ಚಿರಬೇಕು. ನಗಬೇಡಿ, ಎಷ್ಟೋ ದೂರುಗಳು ಅಲ್ಲಿಗೇ ಮುಗಿಯುತ್ತವೆ.

ಇನ್ನು ನಿಮ್ಮ ವಿಂಡೋಸ್ ಡ್ರೈವ್. ಅದು ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ. ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವುದು ಪ್ರೋಟಾನ್, 2018ರಲ್ಲಿ ಸ್ಟೀಮ್‌ನ ಕಂಪನಿ ವಾಲ್ವ್ ಬಿಟ್ಟದ್ದು. ಅದು ಪ್ರತಿ ಗೇಮ್‌ಗೂ ಒಂದು ನಕಲಿ ಸಿ ಡ್ರೈವ್ ಕಟ್ಟುತ್ತದೆ. ಅದರೊಳಗೆ ಸಿಂಬಾಲಿಕ್ ಲಿಂಕ್‌ಗಳು (ಬೇರೆ ಜಾಗದ ಫೈಲ್‌ಗೆ ಕೈ ತೋರಿಸುವ ಗುರುತುಗಳು), ಹೆಸರಲ್ಲೇ ಕೋಲನ್ ಚಿಹ್ನೆ ಇರುವ ಫೈಲ್‌ಗಳು ಇರುತ್ತವೆ. ಎನ್‌ಟಿಎಫ್‌ಎಸ್‌ಗೂ ಇವಕ್ಕೂ ಆಗಿಬರುವುದಿಲ್ಲ. ಲಿನಕ್ಸ್‌ನದೇ ಪದ್ಧತಿಯಾದ ಎಕ್ಸ್‌ಟ್4ನಲ್ಲಿ ಒಂದು ಪಾರ್ಟಿಷನ್ ಮಾಡಿ ಗೇಮ್‌ಗಳನ್ನು ಅಲ್ಲಿಗೆ ಸಾಗಿಸಿ.

ಇಷ್ಟಾದ ಮೇಲೂ ಹೊಸ ಜಾಗ, ಹೊಸ ಶತ್ರು ಬಂದಾಗ ಒಂದು ಕ್ಷಣ ಸಿಕ್ಕಿಕೊಂಡರೆ ಅದು ಶೇಡರ್ (ದೃಶ್ಯ ಬಿಡಿಸಲು ಕಾರ್ಡ್‌ನಲ್ಲಿ ಓಡುವ ಚಿಕ್ಕ ಪ್ರೋಗ್ರಾಂ) ಕಂಪೈಲ್ ಆಗುತ್ತಿರುವುದು. ಗೇಮ್ ಶುರುವಾಗುವ ಮುಂಚೆ ಸ್ಟೀಮ್ ‘ವಲ್ಕನ್ ಶೇಡರ್ಸ್’ ಅಂತ ಪಟ್ಟಿ ತೋರಿಸಿದರೆ ಸ್ಕಿಪ್ ಒತ್ತದೆ ಕಾಯಿರಿ. ಒಂದು ಲೋಟ ಕಾಫಿ ಕುಡಿದು ಬನ್ನಿ.

ಪ್ರಶ್ನೆ: ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್‌ಗಳು) 90 ತೋರಿಸುತ್ತಿದೆ, ಆದರೂ ಆಟ ನುಣುಪಾಗಿಲ್ಲ. ಗೇಮ್‌ಮೋಡ್ ಹಾಕಿದರೆ ಸರಿಹೋಗುತ್ತಾ?

ಉತ್ತರ: ಹಾಕಿ, ಆದರೆ ಪವಾಡ ಕಾಯಬೇಡಿ. ಆಟ ನಡೆಯುವಷ್ಟು ಹೊತ್ತು ಸಿಪಿಯು ವೇಗ ತಗ್ಗಿಸದಂತೆ ನೋಡಿಕೊಳ್ಳುವುದೇ ಅದರ ಮುಖ್ಯ ಕೆಲಸ. ನಿಮಗೆ ಮೊದಲು ಬೇಕಾದ್ದು ಮ್ಯಾಂಗೋಹಡ್, ಆಟದ ಮೇಲೆಯೇ ಇಂಥ ಅಂಕಿಗಳನ್ನು ತೋರಿಸುವ ಸಾಧನ. ಅದರ ಫ್ರೇಮ್‌ಟೈಮ್ ಗೆರೆ ನೋಡಿ. 60 ಎಫ್‌ಪಿಎಸ್‌ಗೆ ಒಂದು ಫ್ರೇಮ್ 16.7 ಮಿಲಿಸೆಕೆಂಡ್‌ನಲ್ಲಿ ಬರಬೇಕು. ಸರಾಸರಿ 90 ಇದ್ದರೂ ನಡುವೆ ಒಂದು ಫ್ರೇಮ್ 50 ಮಿಲಿಸೆಕೆಂಡ್ ತೆಗೆದುಕೊಂಡರೆ ಕಣ್ಣಿಗೆ ಎದ್ದು ಕಾಣುತ್ತದೆ, ಅಲ್ವಾ? ಜಿಪಿಯು (ಗ್ರಾಫಿಕ್ಸ್ ಕಾರ್ಡ್‌ನ ಚಿಪ್) ಸದಾ 97-98 ಶೇಕಡಾ ದುಡಿಯುತ್ತಿದ್ದರೆ ನೆರಳು, ರೆಸಲ್ಯೂಷನ್ ಇಳಿಸಿ. ಜಿಪಿಯು ಶೇಕಡಾ 60ರಲ್ಲೇ ಇದ್ದು ಸಿಪಿಯುವಿನ ಒಂದು ಕೋರ್ ಮಾತ್ರ ಏದುಸಿರು ಬಿಡುತ್ತಿದ್ದರೆ ರೆಸಲ್ಯೂಷನ್ ಇಳಿಸಿ ಪ್ರಯೋಜನವಿಲ್ಲ. ಅಂಥ ಕಡೆ ಗೇಮ್‌ಮೋಡ್ ಸ್ವಲ್ಪ ಕೈ ಹಿಡಿಯಬಹುದು. ಜನಸಂದಣಿ, ನೋಟದ ದೂರ ಇವನ್ನು ತಗ್ಗಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ವ್ಯಾಲರಂಟ್ ಗೇಮ್ ಆಡಲು ಯಾವ ಡಿಸ್ಟ್ರೋ (ಉಬುಂಟು ಥರದ ಲಿನಕ್ಸ್ ಬಗೆ) ಒಳ್ಳೆಯದು?

ಉತ್ತರ: ಯಾವುದೂ ಇಲ್ಲ. ಅದರ ವ್ಯಾನ್‌ಗಾರ್ಡ್ ಆಂಟಿಚೀಟ್ (ಆಟದಲ್ಲಿ ಮೋಸ ತಡೆಯುವ ಪ್ರೋಗ್ರಾಂ) ವಿಂಡೋಸ್ ಕರ್ನಲ್ ಒಳಗೆ ಕೂರುವಂಥದ್ದು, ಲಿನಕ್ಸ್‌ಗೆ ಬಂದಿಲ್ಲ. ಅದೊಂದೇ ಗೇಮ್ ಆಡುವವರಾದರೆ ವಿಂಡೋಸ್ ಅಳಿಸಬೇಡಿ.