ನರಗಳಿಗೆ ನಾದ: ಕಿವಿಯಲ್ಲೋ, ಕೊರಳಲ್ಲೋ?

ಪ್ರಶ್ನೆ: ನಾನು 41 ವರ್ಷದ ಬ್ಯಾಂಕ್ ಉದ್ಯೋಗಿ. ಮಾರ್ಚ್ ತಿಂಗಳ ಲೆಕ್ಕಪತ್ರದ ಗಡಿಬಿಡಿ ಮುಗಿದು ಎರಡು ತಿಂಗಳಾದರೂ ಎದೆಬಡಿತ, ನಿದ್ರಾಹೀನತೆ ಬಿಟ್ಟಿಲ್ಲ. ಇಸಿಜಿ, ಥೈರಾಯ್ಡ್ ಪರೀಕ್ಷೆ ಎರಡೂ ಸರಿಯಾಗಿವೆ. ರಾತ್ರಿ ಇಯರ್‌ಫೋನ್ ಹಾಕಿಕೊಂಡು ಮೊಬೈಲ್‌ನಲ್ಲಿ ‘432 ಹರ್ಟ್ಸ್’ ಸಂಗೀತ ಕೇಳುತ್ತಾ ಮಲಗುತ್ತೇನೆ. ಕೆಲವು ದಿನ ಹಿತವೆನಿಸುತ್ತದೆ, ಕೆಲವು ದಿನ ನಡುರಾತ್ರಿ ಬೆಚ್ಚಿ ಏಳುತ್ತೇನೆ. ಇದರಲ್ಲಿ ನಿಜವೆಷ್ಟು? ಯಾವ ರಾಗ ಕೇಳಿದರೆ ಒಳ್ಳೆಯದು?
– ಓದುಗರು, ದಾವಣಗೆರೆ

ಉತ್ತರ: ಮೊದಲು 432ರ ಲೆಕ್ಕ ಚುಕ್ತಾ ಮಾಡೋಣ. ಪಾಶ್ಚಾತ್ಯ ವಾದ್ಯಗಳೆಲ್ಲ ಒಂದೇ ಶ್ರುತಿಗೆ ಬರಲಿ ಎಂದು ‘ಎ’ ಸ್ವರಕ್ಕೆ 440 ಹರ್ಟ್ಸ್, ಅಂದರೆ ಸೆಕೆಂಡಿಗೆ 440 ಕಂಪನ, ಗೊತ್ತುಪಡಿಸಲಾಗಿದೆ. ಅದನ್ನು ಎಂಟು ಹರ್ಟ್ಸ್ ಇಳಿಸಿದರೆ ನರಗಳು ತಣಿಯುತ್ತವೆ ಎಂಬುದು ಈ ವಿಡಿಯೊಗಳ ವಾದ. ನಮ್ಮ ಸಂಗೀತದಲ್ಲಾದರೋ ಆಧಾರ ಷಡ್ಜವೇ, ಅಂದರೆ ಮೂಲ ಸ್ವರ ‘ಸ’ವೇ, ಹಾಡುವವರ ಕೊರಳನ್ನು ನೋಡಿ ಸ್ಥಳ ಬದಲಿಸುತ್ತದೆ. ಒಬ್ಬರು ತಗ್ಗಿನ ಒಂದು ಮನೆ ಶ್ರುತಿಯಲ್ಲಿ ಹಾಡಿದರೆ ಇನ್ನೊಬ್ಬರು ಎತ್ತರದ ಐದು ಮನೆಯಲ್ಲಿ ಹಾಡುತ್ತಾರೆ, ಕೇಳುವವರು ಎರಡಕ್ಕೂ ತಲೆದೂಗುತ್ತಾರೆ. ಎಂಟು ಹರ್ಟ್ಸ್‌ನಲ್ಲಿ ಪವಾಡವಿದ್ದಿದ್ದರೆ ತಂಬೂರಿಯ ಬಿರಡೆ ತಿರುಗಿಸುವವರಿಗೆ ಅದು ಎಂದೋ ಗೊತ್ತಾಗಬೇಕಿತ್ತು.

ಇನ್ನು ನಡುರಾತ್ರಿ ಬೆಚ್ಚುವ ವಿಷಯ. ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ನೀವು ನಿದ್ರಿಸಿದರೂ ಮಿದುಳು ಸದ್ದಿಗೆ ಕಾವಲು ಕಾಯುತ್ತಲೇ ಇರುತ್ತದೆ. ತೆಳುವಾದ ಕೊಳಲಿನ ನಡುವೆ ಥಟ್ಟನೆ ಯಾವುದೋ ಜಾಹೀರಾತು ಅರಚಿದರೆ, ಅದು ಸೋಪಿನ ಜಾಹೀರಾತೋ ಕಳ್ಳನ ಹೆಜ್ಜೆಯೋ ಎಂದು ವಿಚಾರಿಸುವ ಮೊದಲೇ ಎದೆ ಹೊಡೆದುಕೊಳ್ಳತೊಡಗುತ್ತದೆ. ಬೆಚ್ಚಿದ ರಾತ್ರಿಗಳಲ್ಲಿ ಏನು ಮೊಳಗಿತ್ತೆಂದು ಒಮ್ಮೆ ಪರಿಶೀಲಿಸಿ. ನನ್ನ ಗುಮಾನಿ ಜಾಹೀರಾತಿನ ಮೇಲೆಯೇ.

ನಿಮ್ಮ ಪ್ರಶ್ನೆಯ ತಿರುಳಿರುವುದು ಕೊರಳಿನಲ್ಲಿ. ಮಿದುಳಿನಿಂದ ಹೊರಡುವ ಹತ್ತನೆಯ ಕಪಾಲ ನರ, ಅಂದರೆ ವೇಗಸ್, ಧ್ವನಿಪೆಟ್ಟಿಗೆ, ಹೃದಯ, ಶ್ವಾಸಕೋಶಗಳನ್ನು ಹಾದು ಹೊಟ್ಟೆಯವರೆಗೆ ಇಳಿಯುತ್ತದೆ. ಉಸಿರು ಒಳಗೆಳೆದಾಗ ಹೃದಯದ ಮೇಲೆ ಅದರ ಹಿಡಿತ ತುಸು ಸಡಿಲಿ ಬಡಿತ ಏರುತ್ತದೆ. ಉಸಿರು ಬಿಟ್ಟಾಗ ಹಿಡಿತ ಬಿಗಿದು ಬಡಿತ ಇಳಿಯುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿದರೆ ಹಲವರಿಗೆ ಇದು ಬೆರಳಿಗೇ ತಿಳಿಯುತ್ತದೆ. ಹಾಡುವುದೆಂದರೆ ಉಸಿರನ್ನು ಉದ್ದಕ್ಕೆ, ಅಳೆದು ಬಿಡುವುದಲ್ಲದೆ ಬೇರೇನು?

2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ, ಇಟಲಿಯ ಲೂಸಿಯಾನೊ ಬರ್ನಾರ್ಡಿ ತಂಡದ ಅಧ್ಯಯನ ನನಗೆ ಬಹಳ ಇಷ್ಟ. 23 ಮಂದಿ ಆರೋಗ್ಯವಂತರು ಲ್ಯಾಟಿನ್ ಜಪಮಾಲೆ ಪ್ರಾರ್ಥನೆಯನ್ನು ಹೇಳಿದಾಗಲೂ ಯೋಗದ ಮಂತ್ರವನ್ನು ಹೇಳಿದಾಗಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಹೃದಯದ ಲಯವೂ ರಕ್ತದೊತ್ತಡದ ಏರಿಳಿತವೂ ಅದಕ್ಕೆ ಹೊಂದಿಕೊಂಡವು. ದೇವರು ಬೇರೆ, ಭಾಷೆ ಬೇರೆ, ಉಸಿರಿನ ಲೆಕ್ಕ ಒಂದೇ. ಬೆಂಗಳೂರಿನ ನಿಮ್ಹಾನ್ಸ್‌ನವರು 2011ರಲ್ಲಿ ಓಂಕಾರ ಮಾಡುವವರ ಮಿದುಳನ್ನು ಎಂಆರ್‌ಐ ಮೂಲಕ ನೋಡಿದರು. ಭಾವನೆಗಳಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿತ್ತು. ಅಷ್ಟೇ ಹೊತ್ತು ‘ಸ್ಸ್’ ಎಂದಾಗ ಹಾಗಾಗಲಿಲ್ಲ. ಆದರೆ ಅದರಲ್ಲಿದ್ದವರು 12 ಮಂದಿ ಮಾತ್ರ. ಆದ್ದರಿಂದ ಅದನ್ನೇ ಹಿಡಿದು ಜಯಭೇರಿ ಬಾರಿಸುವುದು ಬೇಡ.

ಹಾಗಾಗಿ ಮಲಗುವ ಅರ್ಧ ಗಂಟೆ ಮೊದಲು ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಿ. ಮೂಗಿನಿಂದ ಸಹಜವಾಗಿ ಉಸಿರೆಳೆದು, ತುಟಿ ಮುಚ್ಚಿ, ನಿಮಗೆ ಸುಲಭವಾದ ಮಂದ್ರದಲ್ಲಿ ದುಂಬಿಯಂತೆ ಗುಂಯ್‌ಗುಡುತ್ತಾ ಬಿಡಿ. ಅದೇ ಭ್ರಾಮರಿ. ಒಂದು ಸುತ್ತಿಗೆ ಎಂಟು ಹತ್ತು ಸೆಕೆಂಡು, ಒಟ್ಟು ಐದು ನಿಮಿಷ ಸಾಕು. ಉಸಿರು ಕಟ್ಟಬೇಡಿ, ಗಂಟಲು ಬಿಗಿಯಬೇಡಿ, ತಲೆ ಸುತ್ತಿದರೆ ನಿಲ್ಲಿಸಿ. ಮನೆಯವರು ನಕ್ಕರೆ ನಗಲಿ. ತೊಟ್ಟಿಲು ತೂಗುತ್ತಾ ಜೋಗುಳ ಹಾಡುವ ತಾಯಿಯ ಉಸಿರೂ ಮಗುವಿನ ಜೊತೆಗೇ ನಿಧಾನವಾಗುತ್ತದೆ ಎಂಬುದನ್ನು ಅವರು ಗಮನಿಸಿರಲಾರರು.

ಯಾವ ರಾಗ ಎಂದು ಕೇಳಿದ್ದೀರಿ. ನಿದ್ರೆಗೆ ನೀಲಾಂಬರಿ ಎಂಬ ಮಾತು ಹಳೆಯದು, ನನಗೂ ಪ್ರಿಯ. ಆದರೂ ರಾಗಕ್ಕಿಂತ ಕಾಲಪ್ರಮಾಣ, ಅಂದರೆ ಹಾಡಿನ ಓಟದ ವೇಗ, ಮುಖ್ಯ ಎನ್ನುವವನು ನಾನು. ಅದೇ ಬರ್ನಾರ್ಡಿ ತಂಡ 2006ರಲ್ಲಿ ಗಮನಿಸಿದಂತೆ ಸಂಗೀತದ ಓಟ ಹೆಚ್ಚಿದಷ್ಟೂ ಉಸಿರು, ನಾಡಿ, ರಕ್ತದೊತ್ತಡ ಏರಿದವು. ಕೇಳುಗರಿಗೆ ಆ ಶೈಲಿ ಇಷ್ಟವೋ ಇಲ್ಲವೋ ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ನಡುವೆ ಇಟ್ಟ ಎರಡು ನಿಮಿಷದ ಮೌನದಲ್ಲಿ ಅವರು ಆರಂಭಕ್ಕಿಂತಲೂ ಹೆಚ್ಚು ಶಾಂತರಾದರು. ನನಗೆ ಕಛೇರಿಯ ತನಿ ಆವರ್ತನವೆಂದರೆ, ಅಂದರೆ ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ಭಾಗವೆಂದರೆ, ಪ್ರಾಣ, ಆದರೆ ರಾತ್ರಿ ಹತ್ತರ ನಂತರ ಅದನ್ನು ಕೇಳುವುದಿಲ್ಲ. ವಿಳಂಬ ಕಾಲದ ಆಲಾಪನೆ, ಇಲ್ಲವೇ ಬರಿಯ ತಂಬೂರಿ ಸಾಕು. ನೀವು ಬಾಲ್ಯದಲ್ಲಿ ನೆಮ್ಮದಿಯಿಂದ ಕೇಳಿದ ಹಾಡಿದ್ದರೆ ಅದು ಇನ್ನೂ ಒಳ್ಳೆಯದು. ಅಗಲಿದವರ ನೆನಪು ತರುವ ಹಾಡು, ಎಷ್ಟೇ ಇಂಪಾಗಿರಲಿ, ಹಾಸಿಗೆಗೆ ಬೇಡ.

ಇಯರ್‌ಫೋನ್ ತೆಗೆದಿಡಿ. ಚಿಕ್ಕ ಸ್ಪೀಕರನ್ನು ಮಂಚದಿಂದ ದೂರವಿಟ್ಟು, ಮೊದಲೇ ಇಳಿಸಿಕೊಂಡ ಹಾಡನ್ನು ಹಾಕಿ, 20 ನಿಮಿಷಕ್ಕೆ ತಾನಾಗಿ ನಿಲ್ಲುವಂತೆ ಮಾಡಿ. ಸದ್ದು ಫ್ಯಾನಿನ ಗಾಳಿಗಿಂತ ಜೋರಾಗದಿರಲಿ.

ಎರಡು ತಿಂಗಳ ನಿದ್ರಾಹೀನತೆ ಮಾತ್ರ ಚಿಕ್ಕದಲ್ಲ. ಪರೀಕ್ಷೆಗಳು ಸರಿಯಿದ್ದರೂ ಆತಂಕದ ಕಾಯಿಲೆ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ, ಗುಂಯ್‌ಗುಡುವುದು ಅದರ ಬದಲಿಯಲ್ಲ. ಮನೋವೈದ್ಯರನ್ನು ಕಾಣಲು ಮುಜುಗರವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಎದೆಬಡಿತದ ಜೊತೆ ಎದೆನೋವೋ ಬವಳಿಯೋ ಬಂದರೆ ಭ್ರಾಮರಿಗೆ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.