ಆಫ್ ಮಾಡಿದರೂ ಮಿನುಗುವ ಎಲ್‌ಇಡಿ ಬಲ್ಬ್

ಹಳೆ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ ಮೇಲೆ, ಸ್ವಿಚ್ ಆಫ್ ಇದ್ದರೂ ಮಿನುಗುತ್ತಿದೆ ಅಂದ್ರೆ ತಪ್ಪು ಬಹುಶಃ ಬಲ್ಬಿನದಲ್ಲ, ಸ್ವಿಚ್ಚಿನದು. ಕತ್ತಲಲ್ಲಿ ಕಾಣಲಿ ಅಂತ ಕೆಲವು ಸ್ವಿಚ್‌ಗಳಲ್ಲಿ ಪುಟ್ಟ ಇಂಡಿಕೇಟರ್ ಇರುತ್ತದೆ. ಅದರ ಮೂಲಕ ಚೂರೇ ಚೂರು ಕರೆಂಟ್ ಬಲ್ಬಿಗೆ ಹರಿಯುತ್ತಲೇ ಇರುತ್ತದೆ. ಹಳೆ ಬಲ್ಬಿನ ತಂತಿ ಕಾಯಲು ಅದು ಏನೇನೂ ಸಾಲದು. ಎಲ್‌ಇಡಿಯೊಳಗಿನ ಕೆಪಾಸಿಟರ್ ಮಾತ್ರ ಅದನ್ನೇ ಕೂಡಿಟ್ಟುಕೊಂಡು, ತುಂಬಿದಾಗ ಒಮ್ಮೆ ಮಿಂಚಿ, ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೇ ಆ ಮಿಣುಕು.

ಮೊದಲು ಹೊಸ ಬಲ್ಬನ್ನು ಇಂಡಿಕೇಟರ್ ಇಲ್ಲದ ಸ್ವಿಚ್ಚಿನ ಹೋಲ್ಡರ್‌ಗೆ ಹಾಕಿ ನೋಡಿ. ಅಲ್ಲಿ ಪೂರ್ತಿ ಆರಿದರೆ ಬಲ್ಬ್ ಚೆನ್ನಾಗಿದೆ. ಆಮೇಲೆ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಂಡು, ಆ ಸ್ವಿಚ್ ಬದಲು ಸಾದಾ ಸ್ವಿಚ್ ಹಾಕಿಸಿ. ಒಂದೇ ಸ್ವಿಚ್ಚಿಗೆ ಮೂರ್ನಾಲ್ಕು ಬಲ್ಬ್ ಇದ್ದರೆ ಇನ್ನೂ ಸುಲಭ: ಒಂದು ಹಳೆ ಬಲ್ಬ್ ಹಾಗೇ ಬಿಡಿ, ಸಾಮಾನ್ಯವಾಗಿ ಮಿನುಗು ನಿಲ್ಲುತ್ತದೆ.

ಸ್ವಿಚ್ಚಿನಲ್ಲಿ ಇಂಡಿಕೇಟರ್ ಇಲ್ಲವೇ ಇಲ್ಲ ಅಂದ್ರೆ, ಕರೆಂಟ್ ತರುವ ಫೇಸ್ ವೈರ್ ಬದಲು, ಅದು ಮರಳಿ ಹೋಗುವ ನ್ಯೂಟ್ರಲ್ ವೈರ್ ಸ್ವಿಚ್ಚಿಗೆ ಹೋಗಿರಬಹುದು. ನೋಡದೆ ಖಚಿತವಾಗಿ ಹೇಳಲಾರೆ. ಹಾಗಾಗಿದ್ದರೆ ಆಫ್ ಮಾಡಿದಾಗಲೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ, ಬಲ್ಬ್ ಬದಲಿಸುವಾಗ ಶಾಕ್ ಹೊಡೆಯಬಹುದು. ದಯವಿಟ್ಟು ಅದನ್ನು ನೀವೇ ಬಿಚ್ಚಬೇಡಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ.