ತೋಟೆ ಪೆಟ್ಟಿಗೆಯಲ್ಲಿ ಹದಿನೇಳು ಮಾತ್ರೆ

ಕೋವಿಯ ತೋಟೆ ಇಡುವ ಹಳೆಯ ತಗಡಿನ ಪೆಟ್ಟಿಗೆಯೊಂದನ್ನು ಅವರು ನನ್ನ ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದರೆ ಒಳಗೆ ತೋಟೆ ಇಲ್ಲ, ಸಾಲಾಗಿ ಮಾತ್ರೆ ಡಬ್ಬಿಗಳು. "ದಿನಕ್ಕೆ ಹದಿನೇಳು ನುಂಗ್ತಾರೆ ಮೇಡಂ, ನಾನೇ ಎಣಿಸಿದ್ದೀನಿ," ಎಂದರು ಅವರ ಹೆಂಡತಿ.

ನಾನು ಆಪ್ತಸಲಹೆಗಾರ್ತಿ. ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಕೊಡಗಿನಲ್ಲಿ ಮನೆಹೆಸರಿನ ಮೊದಲ ಅಕ್ಷರ ಹೇಳಿದರೂ ಸಾಕು, ಯಾರೆಂದು ಗೊತ್ತಾಗಿಬಿಡುತ್ತದೆ. ಹಾಗಾಗಿ ಹೆಸರೇ ಬೇಡ. ಅವರನ್ನು ತೋಟದವರು ಅಂತಲೇ ಕರೆಯುತ್ತೇನೆ. ವಯಸ್ಸು 63. ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿದ ಕಾಳುಮೆಣಸು, ಸ್ವಲ್ಪ ಗದ್ದೆ. ಮಗ ಕೆನಡಾದಲ್ಲಿ, ಮಗಳು ಬೆಂಗಳೂರಿನಲ್ಲಿ.

ಕಾಫಿಗೆ ಯಾರೂ ಕಂಡಿರದ ರೇಟು ಬಂದ ವರ್ಷ ಈ ಖರ್ಚು ಶುರುವಾಯಿತಂತೆ. ಮೊದಲು ಕೈಗೆ ಒಂದು ವಾಚು. ನಿದ್ದೆಗೆ ಅಂಕ, ಎದೆಬಡಿತಕ್ಕೆ ಅಂಕ. ಆಮೇಲೆ ತೋಳಿಗೆ ಸಕ್ಕರೆ ಅಳೆಯುವ ಸೆನ್ಸರ್. ಇವರಿಗೆ ಸಕ್ಕರೆ ಕಾಯಿಲೆ ಇಲ್ಲ. ಆದರೂ ಕಡುಂಬುಟ್ಟು, ಅಂದರೆ ಅಕ್ಕಿತರಿಯ ಉಂಡೆ, ತಿಂದ ಮೇಲೆ ಮೊಬೈಲಿನಲ್ಲಿ ಗೆರೆ ಮೇಲೇರಿದ್ದು ನೋಡಿ ಅದನ್ನು ಬಿಟ್ಟರು. ಅಕ್ಕಿರೊಟ್ಟಿಯೂ ಹೋಯಿತು. ಪುತ್ತರಿ ಸುಗ್ಗಿಹಬ್ಬಕ್ಕೆ ಮಾಡುವ ಸಿಹಿ ತಂಬುಟ್ಟನ್ನೂ ಮುಟ್ಟಲಿಲ್ಲ. ಕೊನೆಗೆ ತೋಟಕ್ಕೆ ಔಷಧಿ ಕದಡುವ ನೀಲಿ ಡ್ರಮ್ಮಿನ ಹಾಗಿನದೇ ಹೊಸದೊಂದು ತಂದು, ಅದರಲ್ಲಿ ಐಸು ಹಾಕಿ ಕತ್ತಿನವರೆಗೆ ಮುಳುಗಿ ಕೂರಲು ಶುರು ಮಾಡಿದರು. ಡಿಸೆಂಬರಿನಲ್ಲಿ, ಕೊಡಗಿನಲ್ಲಿ. "ಐಸ್ ಯಾಕ್ರೀ, ಸುಮ್ನೆ ನಲ್ಲಿ ನೀರು ಸಾಲ್ದಾ?" ಅಂತ ಹೆಂಡತಿ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರಂತೆ.

ದೇಹವನ್ನು ಯಂತ್ರದ ಹಾಗೆ ಅಳೆದು, ತಿದ್ದಿ, ವಯಸ್ಸನ್ನು ತಡೆಹಿಡಿಯುವ ಈ ಹುಚ್ಚಿಗೆ ಬಯೋಹ್ಯಾಕಿಂಗ್ ಅನ್ನುತ್ತಾರೆ. ಹುಚ್ಚು ಎಂಬ ಪದ ಈಗ ಬಳಸಿದೆ. ಅವರ ಎದುರು ಬಳಸಿರಲಿಲ್ಲ. ಆದರೆ ಹೆಚ್ಚುಕಡಿಮೆ ಅದೇ ಅರ್ಥ ಬರುವ ಹಾಗೆ ಮಾತಾಡಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಭೇಟಿಯಲ್ಲಿ ಅವರ ಹೆಂಡತಿಯೇ ಜಾಸ್ತಿ ಮಾತಾಡಿದರು. ಅವರನ್ನು ನಾನು ಅಕ್ಕ ಅನ್ನುತ್ತೇನೆ. ನನ್ನ ಟಿಪ್ಪಣಿಯಲ್ಲಿ ಅವರ ಒಂದು ವಾಕ್ಯ ಹಾಗೇ ಇದೆ: "ನನ್ನ ಮಾತು ಕೇಳೋದೇ ಇಲ್ಲ." ಪಕ್ಕದಲ್ಲಿ ನಾನು ಬರೆದುಕೊಂಡದ್ದು: ದಾಂಪತ್ಯದಲ್ಲಿ ಮುನಿಸು, ಗಂಡನ ಹಠ.

ತೋಟದವರು ಹೆದರಿದ್ದರು ಎನ್ನುವುದು ಅವತ್ತೇ ಗೊತ್ತಾಯಿತು. ಅವರ ಅಣ್ಣ ಮರೆವಿನ ಕಾಯಿಲೆಯಿಂದ ತೀರಿಹೋಗಿದ್ದರು. ಕೊನೆಯ ವರ್ಷಗಳಲ್ಲಿ ಕುಟುಂಬದ ಮೂಲಮನೆಯಾದ ಐನ್‌ಮನೆಯಿಂದ ಗದ್ದೆಗೆ ಹೋಗುವ ದಾರಿಯಲ್ಲೇ ಕಳೆದುಹೋಗುತ್ತಿದ್ದರಂತೆ. ಹುಟ್ಟಿದಂದಿನಿಂದ ನಡೆದ ದಾರಿ. "ನಂಗೂ ಶುರುವಾಗಿದೆ ಮೇಡಂ. ಇವಳು ಹೇಳಿದ್ದು ತಲೆಯಲ್ಲಿ ನಿಲ್ಲೋದಿಲ್ಲ. ಸೊಪ್ಪು ತನ್ನಿ ಅಂದ್ರೆ ಉಪ್ಪು ತಂದಿದ್ದೀನಿ," ಎಂದರು. ಅಣಬೆಯ ಪುಡಿ, ಮೀನೆಣ್ಣೆ, ಮುಪ್ಪು ತಡೆಯುತ್ತದೆ ಅಂತ ಮಾರುವ ಎನ್‌ಎಂಎನ್ ಎಂಬ ದುಬಾರಿ ಕ್ಯಾಪ್ಸೂಲು, ಎಲ್ಲವೂ ಆ ಭಯಕ್ಕೆ ಕೊಂಡವು. ತಿಂಗಳಿಗೆ 22 ಸಾವಿರ.

ಎರಡನೇ ಭೇಟಿಗೆ ನಾನು ಚೆನ್ನಾಗಿ ಓದಿಕೊಂಡು ಕೂತಿದ್ದೆ. ತಪ್ಪಾಗಿದ್ದೇ ಅಲ್ಲಿ.

ಫಿನ್ಲೆಂಡಿನ ಕಥೆ ಹೇಳಿದೆ. ಅಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ಕೆಲವರಿಗೆ ಬೀಟಾ ಕ್ಯಾರೋಟಿನ್ ಮಾತ್ರೆ ಕೊಟ್ಟರು. ಕ್ಯಾರೆಟ್ಟಿನಲ್ಲಿರುವ ಅದೇ ಒಳ್ಳೆಯ ಅಂಶ. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಬಹುದು ಅಂದುಕೊಂಡಿದ್ದರು. 1994ರಲ್ಲಿ ಫಲಿತಾಂಶ ಬಂತು: ಮಾತ್ರೆ ತಿಂದವರಲ್ಲೇ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ. ಅಮೆರಿಕದಲ್ಲಿ ಸುಮಾರು 26 ಸಾವಿರ ಜನರಿಗೆ ಐದು ವರ್ಷ ವಿಟಮಿನ್ ಡಿ, ಒಮೆಗಾ 3 ಕೊಟ್ಟು ನೋಡಿದ ಪರೀಕ್ಷೆಯ ಬಗ್ಗೆಯೂ ಹೇಳಿದೆ. 2018ರಲ್ಲಿ ಬಂದ ಅದರ ಮುಖ್ಯ ಫಲಿತಾಂಶದಲ್ಲಿ ಕ್ಯಾನ್ಸರಾಗಲಿ, ಹೃದಯಾಘಾತ, ಪಾರ್ಶ್ವವಾಯುಗಳ ಒಟ್ಟು ಲೆಕ್ಕವಾಗಲಿ ಇಳಿದಿರಲಿಲ್ಲ. ಕೊರತೆ ಇದ್ದವರಿಗೆ ಕೊರತೆ ತುಂಬುವುದು ಬೇರೆ, ತುಂಬಿದ ಹಂಡೆಗೆ ಮತ್ತೆ ಸುರಿಯುವುದು ಬೇರೆ ಎಂದೆ.

ಅವರು ತಲೆ ಆಡಿಸುತ್ತಾ ಕೂತಿದ್ದರು. ಒಂದೂ ಪ್ರಶ್ನೆ ಕೇಳಲಿಲ್ಲ. ಎಷ್ಟು ಸಮಾಧಾನದ ಮನುಷ್ಯ ಅಂದುಕೊಂಡೆ. ಆಮೇಲೆ ಮೂರು ವಾರ ಬರಲೇ ಇಲ್ಲ.

ಮತ್ತೆ ಬಂದಾಗ ಜೂನ್. ನನ್ನ ಕೋಣೆಯ ಮೇಲೆ ತಗಡಿನ ಶೀಟು, ಹೊರಗೆ ಧಾರಾಕಾರ ಮಳೆ. ನಾನು ಕೇಳಿದೆ, "ನಿದ್ದೆ ಹೇಗಿದೆ?"

"ಮುದ್ದೆ ನಮ್ಮ ಮನೇಲಿ ಮಾಡೋದೇ ಇಲ್ಲ ಮೇಡಂ. ಅದ್ರಲ್ಲೂ ಕಾರ್ಬ್ಸ್ ಜಾಸ್ತಿ ಅಲ್ವಾ?"

ಅಕ್ಕ ನಕ್ಕರು. ನನಗೆ ನಗು ಬರಲಿಲ್ಲ. ಟಿಪ್ಪಣಿ ತಿರುವಿ ಹಾಕಿ ಆ ವಾಕ್ಯ ನೋಡಿದೆ. ನನ್ನ ಮಾತು ಕೇಳೋದೇ ಇಲ್ಲ. "ಇವ್ರು" ಕೇಳೋದಿಲ್ಲ ಅಂದಿದ್ದರಾ, "ಇವ್ರಿಗೆ" ಕೇಳೋದಿಲ್ಲ ಅಂದಿದ್ದರಾ? ಇಪ್ಪತ್ತು ವರ್ಷ ಈ ಕೆಲಸ ಮಾಡಿದವಳು ನಾನು. ಎಲ್ಲದಕ್ಕೂ ಮನಸ್ಸಿನ ಅರ್ಥ ಹಚ್ಚುವ ಚಟ.

ಎದ್ದು ಕುರ್ಚಿಯನ್ನು ಅವರ ಬಲಗಡೆಗೆ ಹಾಕಿಕೊಂಡೆ. ಮುಖ ಕಾಣುವ ಹಾಗೆ ಕೂತು, ನಿಧಾನಕ್ಕೆ ಮೊದಲಿನಿಂದ ಕೇಳಿದೆ. ಎಷ್ಟು ವರ್ಷದಿಂದ ಕೋವಿ ಹೊಡೀತೀರಿ? ಹದಿನೈದರಿಂದ, ಎಂದರು. ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು, ತೋಟಕ್ಕೆ ನುಗ್ಗುವ ಆನೆ ಬೆದರಿಸಲು ಗಾಳಿಯಲ್ಲಿ ಗುಂಡು. ಕಿವಿಗೆ ಹತ್ತಿಯನ್ನೂ ಇಟ್ಟುಕೊಂಡವರಲ್ಲ. ಮೇಲಿಂದ ಕಳೆ ಕತ್ತರಿಸುವ ಮೆಷಿನ್ನಿನ ಸದ್ದು.

ಬಲಭುಜಕ್ಕೆ ಕೋವಿ ಆನಿಸಿ ಹೊಡೆಯುವವರಿಗೆ ಸಾಮಾನ್ಯವಾಗಿ ಎಡಗಿವಿಗೆ ಏಟು ಜಾಸ್ತಿ. ನಳಿಗೆಯ ಬಾಯಿಗೆ ಆ ಕಿವಿ ಹತ್ತಿರ. ಸದ್ದಿನಿಂದ ಕಿವಿ ಹೋಗುವಾಗ ಪೂರ್ತಿ ಒಂದೇ ಸಲ ಹೋಗುವುದಿಲ್ಲ. ಮೊದಲು ತೆಳು ಸ್ವರಗಳು ಹೋಗುತ್ತವೆ. ಸ, ಶ, ತ, ಹೆಂಗಸರ ದನಿ, ಮಕ್ಕಳ ದನಿ. ಸೊಪ್ಪಿನ ಸ ಉದುರಿಹೋದರೆ ಉಳಿಯುವುದು ಹೆಚ್ಚುಕಡಿಮೆ ಉಪ್ಪೇ. ಎರಡು ಭೇಟಿಯಲ್ಲೂ ನಾನು ಅವರ ಎಡಗಡೆ ಕೂತು, ಆಪ್ತಸಲಹೆಗಾರರಿಗೆ ಕಲಿಸುವ ಮೆತ್ತಗಿನ ದನಿಯಲ್ಲಿ ಮಾತಾಡಿದ್ದೆ. ಫಿನ್ಲೆಂಡು ಅವರ ಕಿವಿ ತಲುಪಿರಲೇ ಇಲ್ಲ.

ಮೈಸೂರಿನಲ್ಲಿ ಕಿವಿ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆ. ಜೊತೆಗೆ ಆ ಪೆಟ್ಟಿಗೆಯನ್ನು ಹಾಗೇ ಒಬ್ಬ ಫಿಸಿಷಿಯನ್‌ಗೆ ತೋರಿಸಲು ಹೇಳಿದೆ. ಮಾತ್ರೆ ನಿಲ್ಲಿಸಿ ಅನ್ನುವುದು ನನ್ನ ಕೆಲಸವಲ್ಲ, ವೈದ್ಯರ ಕೆಲಸ. ಈ ಗೆರೆಯನ್ನು ನಾನು ದಾಟುವುದಿಲ್ಲ.

ಎರಡೂ ಕಿವಿಯಲ್ಲಿ ನಷ್ಟ ಇತ್ತು, ಎಡಕ್ಕೆ ಜಾಸ್ತಿ. ಮರೆವಿನ ಪರೀಕ್ಷೆಯಲ್ಲಿ ಅವರ ವಯಸ್ಸಿಗೆ ತಕ್ಕಂತೆ ಎಲ್ಲ ಸರಿಯಾಗಿತ್ತು. ಆದರೆ ವೈದ್ಯರು ಬೇರೆರಡು ವಿಷಯ ಹಿಡಿದರು. ಒಂದು, ಬಿಪಿ 156/94. ಹದಿನೇಳು ಮಾತ್ರೆ, ಒಂದು ವಾಚು, ಒಂದು ಸೆನ್ಸರ್, ಒಂದು ಐಸ್ ಡ್ರಮ್ಮು. ಆದರೆ ಮೂರು ವರ್ಷದಿಂದ ತೋಳಿಗೆ ಬಿಪಿ ಪಟ್ಟಿ ಕಟ್ಟಿಸಿಕೊಂಡಿರಲಿಲ್ಲ! ತಣ್ಣೀರಿಗೆ ಇಳಿದ ಕೂಡಲೇ ಬಿಪಿ ಇನ್ನೂ ಏರುತ್ತದೆ ಎನ್ನುವುದು ಬೇರೆ ಮಾತು. ಡ್ರಮ್ಮು ಅವತ್ತೇ ಕೊಟ್ಟಿಗೆ ಸೇರಿತು.

ಇನ್ನೊಂದು, ರಕ್ತದಲ್ಲಿ ಕ್ಯಾಲ್ಸಿಯಂ ಮಿತಿ ಮೀರಿತ್ತು. 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯನ್ನು ಯಾವತ್ತೋ ಒಬ್ಬ ಡಾಕ್ಟರು ವಾರಕ್ಕೊಂದರಂತೆ ಎಂಟು ವಾರಕ್ಕೆ ಬರೆದಿದ್ದರು. ಇವರು ಎರಡು ವರ್ಷ ಎಳೆದಿದ್ದರು, ಕೊನೆಕೊನೆಗೆ ವಾರಕ್ಕೆ ಎರಡು. ವಿಟಮಿನ್ ಡಿ ಜಾಸ್ತಿ ಆದರೆ ಮೂತ್ರದಲ್ಲಿ ಹರಿದುಹೋಗುವುದಿಲ್ಲ, ಕೊಬ್ಬಿನಲ್ಲಿ ಕೂರುತ್ತದೆ. ಕ್ಯಾಲ್ಸಿಯಂ ಏರಿಸುತ್ತದೆ. ಬಾಯಾರಿಕೆ, ಮಲಬದ್ಧತೆ, ಪದೇಪದೇ ಮೂತ್ರ. ರಾತ್ರಿ ನಾಲ್ಕು ಸಲ ಏಳುತ್ತಿದ್ದರು. ಬೆಳಿಗ್ಗೆ ವಾಚು ನಿದ್ದೆಗೆ ಕಮ್ಮಿ ಅಂಕ ಕೊಡುತ್ತಿತ್ತು. ಅಂಕ ಕಮ್ಮಿ ಅಂತ ಮೆಗ್ನೀಷಿಯಂ, ಅಶ್ವಗಂಧ ತರಿಸಿದ್ದರು. ಒಂದು ಡಬ್ಬಿ ಮಾಡಿದ ತೊಂದರೆಗೆ ಇನ್ನೆರಡು ಡಬ್ಬಿ.

ಸಕ್ಕರೆ ಕಾಯಿಲೆಯವರ ಮೆಟ್‌ಫಾರ್ಮಿನ್ ಕೂಡ ಪೆಟ್ಟಿಗೆಯಲ್ಲಿತ್ತು. ಆಯಸ್ಸು ಹೆಚ್ಚುತ್ತದೆ ಅಂತ ಯಾವುದೋ ವಿಡಿಯೋದಲ್ಲಿ ಕೇಳಿ, ಸ್ನೇಹಿತರ ಚೀಟಿಯಲ್ಲಿ ತಂದದ್ದು. ವರ್ಷಗಟ್ಟಲೆ ತಿಂದರೆ ಅದು ಬಿ12 ತಗ್ಗಿಸಬಹುದು. ಬಿ12 ತಗ್ಗಿದರೆ ಮರೆವು! ವೈದ್ಯರು ಅದನ್ನೂ ವಿಟಮಿನ್ ಡಿಯನ್ನೂ ನಿಲ್ಲಿಸಿದರು, ಬಿಪಿಗೆ ಒಂದು ಮಾತ್ರೆ ಬರೆದರು.

ಇಲ್ಲಿ ಪೇಚು ಶುರುವಾಯಿತು. ಹದಿನೇಳು ಮಾತ್ರೆ ನುಂಗುತ್ತಿದ್ದವರು ಈ ಒಂದು ಬಿಪಿ ಮಾತ್ರೆ ಬೇಡ ಎಂದರು. "ಒಂದ್ಸಲ ಶುರು ಮಾಡಿದ್ರೆ ಜೀವನಪೂರ್ತಿ ಅಲ್ವಾ?" ಕಿವಿಯ ಮೆಷಿನ್ನಂತೂ ಸುತರಾಂ ಬೇಡ. "ಮದುವೆಮನೆಗೆ ಅದು ಹಾಕ್ಕೊಂಡು ಹೋದ್ರೆ ಅಜ್ಜ ಬಂದ ಅಂತಾರೆ."

ನನಗೆ ಈ ಇಡೀ ಪ್ರಕರಣ ಅರ್ಥವಾಗಿದ್ದು ಆ ಮಾತಿನಲ್ಲಿ. ಬಿಪಿ ಮಾತ್ರೆ, ಕಿವಿ ಮೆಷಿನ್, ಕನ್ನಡಕ, ಊರುಗೋಲು. ಕೆಲಸ ಮಾಡುತ್ತದೆ ಅಂತ ಗಟ್ಟಿಯಾಗಿ ಗೊತ್ತಿರುವುದೆಲ್ಲ ಮುದುಕರ ಸಾಮಾನು. ಎನ್‌ಎಂಎನ್ ಡಬ್ಬಿಯ ಮೇಲೆ ಓಡುತ್ತಿರುವ ಹುಡುಗನ ಚಿತ್ರ. ತೋಟದವರು ಕೊಳ್ಳುತ್ತಿದ್ದದ್ದು ಆ ಚಿತ್ರವನ್ನು. ಅಣ್ಣನನ್ನು ಕಣ್ಣಾರೆ ಕಂಡವರು, ಬಯ್ಯಲು ನನಗೆ ಬಾಯಿ ಬರಲಿಲ್ಲ.

ಈ ಸಲ ಉಪನ್ಯಾಸ ಮಾಡಲಿಲ್ಲ. ತೋಟದ ಮಾತು ತೆಗೆದೆ. "ಅಣ್ಣ, ತೋಟಕ್ಕೆ ಸುಣ್ಣ ಹಾಕೋಕೆ ಮುಂಚೆ ಏನ್ಮಾಡ್ತೀರಿ?"

"ಮಣ್ಣು ಟೆಸ್ಟ್ ಮಾಡಿಸ್ತೀವಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಕೇಂದ್ರಕ್ಕೆ ಕೊಡ್ತೀವಿ."

"ಪಕ್ಕದ ತೋಟದವ್ರು ಹಾಕಿದ್ರು ಅಂತ ನೀವೂ ಹಾಕೋದಿಲ್ವಾ?"

"ಹಾಕಿದ್ರೆ ಗಿಡ ಹೋಗುತ್ತೆ," ಅಂದವರು ಪೆಟ್ಟಿಗೆ ಕಡೆ ನೋಡಿದರು.

ಅವರ ಹತ್ತಿರ ಮಳೆ ಡೈರಿ ಇತ್ತು. ಅಪ್ಪನ ಕಾಲದಿಂದ ದಿನಾ ಎಷ್ಟು ಇಂಚು, ಎಷ್ಟು ಸೆಂಟು ಮಳೆ ಅಂತ ಬರೆದಿಟ್ಟದ್ದು. ಅದೇ ಡೈರಿಯಲ್ಲಿ ಮಳೆಯ ಪಕ್ಕ ಬೆಳಗಿನ ಬಿಪಿ ಬರೆಯಲು ಹೇಳಿದೆ. ಉಳಿದ ಒಂದೊಂದು ಡಬ್ಬಿಗೂ ಒಂದು ಪುಟ. ಇದು ಯಾವ ಕೊರತೆಗೆ? ಆ ಕೊರತೆ ಪರೀಕ್ಷೆಯಲ್ಲಿ ಕಂಡಿದೆಯಾ? ಎಷ್ಟು ದಿನ? ಯಾವುದು ಬದಲಾದರೆ ಉಪಯೋಗ ಆಯಿತು ಅನ್ನಬೇಕು? ಹೊಸದೇನಾದರೂ ಬೇಕಿದ್ದರೆ ವೈದ್ಯರನ್ನು ಕೇಳಿ, ಒಂದು ಸಲಕ್ಕೆ ಒಂದೇ. ಡಬ್ಬಿಯ ಹಿಂದಿನ ಸಣ್ಣ ಅಕ್ಷರವನ್ನೂ ಓದಿಸಿದೆ: ನಾಟ್ ಫಾರ್ ಮೆಡಿಸಿನಲ್ ಯೂಸ್. ಔಷಧಿಯಾಗಿ ಬಳಸಬೇಡಿ. ಆಹಾರ ಸುರಕ್ಷತೆಯ ನಿಯಮದಂತೆ ಹಾಗೆ ಬರೆಯಲೇಬೇಕು. ಇಷ್ಟು ದಿನ ಭೂತಗನ್ನಡಿ ಹಿಡಿಯದೆ ಓದಲಾಗಿರಲಿಲ್ಲ, ಪಾಪ.

ಎರಡು ಡಬ್ಬಿ ನೋಡಿ ಅಕ್ಕನಿಗೇ ನಗು ಬಂತು. ಹೊಟ್ಟೆ ಕರಗಿಸಲು ತರಿಸಿದ ಗಾರ್ಸೀನಿಯಾ ಎಂದರೆ ನಮ್ಮ ಕಾಚಂಪುಳಿ ಹಣ್ಣಿನ ಸಾರ. ಅದೇ ಹಣ್ಣಿನ ರಸ ಕಾಯಿಸಿ ಕಪ್ಪಗೆ ಮಾಡಿದ್ದು ಅವರ ಅಡುಗೆಮನೆಯ ಶೀಸೆಯಲ್ಲಿ ವರ್ಷವಿಡೀ ಇರುತ್ತದೆ. ಇನ್ನೊಂದು, ಅರಿಶಿನದ ಕರ್ಕ್ಯುಮಿನ್ ಜೊತೆಗೆ ಕಾಳುಮೆಣಸಿನ ಪೈಪರಿನ್. ಪೈಪರಿನ್ ಸೇರಿದರೆ ಕರ್ಕ್ಯುಮಿನ್ ರಕ್ತಕ್ಕೆ ಹಲವು ಪಟ್ಟು ಹೆಚ್ಚು ಸೇರುತ್ತದೆ ಅಂತ 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಆದರೆ ಹೆಚ್ಚು ಸೇರುವುದು ಅಂದರೆ ಹೆಚ್ಚು ಒಳ್ಳೆಯದು ಅಂತಲ್ಲ. ಈ ಎರಡೂ ಬಗೆಯ ಕ್ಯಾಪ್ಸೂಲಿನಿಂದ ಕೆಲವರ ಲಿವರ್ ಕೆಟ್ಟ ವರದಿಗಳಿವೆ, ಅಶ್ವಗಂಧದಿಂದಲೂ ಇವೆ. ಪೈಪರಿನ್ ಬೇರೆ ಔಷಧಿಗಳ ಮಟ್ಟವನ್ನೂ ಏರುಪೇರು ಮಾಡಬಹುದು. ಪಂದಿಕರಿಗೆ ಬೀಳುವ ಒಂದು ಚಮಚ ಕಾಚಂಪುಳಿಗೆ, ಒಗ್ಗರಣೆಯ ಅರಿಶಿನಕ್ಕೆ ಯಾರೂ ಹೆದರಬೇಕಿಲ್ಲ. ಅದನ್ನು ಹಿಂಡಿ ಗಟ್ಟಿ ಮಾಡಿ ದಿನಾ ನುಂಗುವುದು ಬೇರೆ ಸಂಗತಿ.

ಅವರು ತುಂಬಾ ನಂಬಿದ್ದ, ವಯಸ್ಸನ್ನೇ ತಡೆಯಲು ಹೊರಟ ಅಮೆರಿಕದ ಶ್ರೀಮಂತ ಬ್ರಯಾನ್ ಜಾನ್ಸನ್ ಅವರ ವಿಷಯವನ್ನೂ ಮಾತಾಡಿದೆವು. 2023ರಲ್ಲಿ ತಮ್ಮ ಮಗನ ರಕ್ತದ ಪ್ಲಾಸ್ಮಾ ಏರಿಸಿಕೊಂಡು, ಉಪಯೋಗ ಕಾಣಲಿಲ್ಲ ಅಂತ ಅವರೇ ಹೇಳಿದರು. ಅಂಗಾಂಗ ಕಸಿಯಾದವರಿಗೆ ಕೊಡುವ ರಾಪಮೈಸಿನ್ ಔಷಧಿಯನ್ನು ವರ್ಷಗಟ್ಟಲೆ ತಿಂದು, ಅದನ್ನು 2024ರಲ್ಲಿ ಅಡ್ಡಪರಿಣಾಮಗಳ ಕಾರಣಕ್ಕೆ ಅವರೇ ನಿಲ್ಲಿಸಿದರು. ಒಂದು ಮಾತು ಒಪ್ಪಬೇಕು, ಆ ಮನುಷ್ಯ ಅಳೆಯುತ್ತಾರೆ, ಆಗದಿದ್ದರೆ ಬಿಡುತ್ತಾರೆ. ನಮ್ಮವರು ಶುರು ಮಾಡಿದ್ದನ್ನು ಯಾವುದನ್ನೂ ಬಿಟ್ಟಿರಲಿಲ್ಲ.

ಕಿವಿ ಮೆಷಿನ್ನಿಗೆ ಒಪ್ಪಿಸಲು ಮಾತ್ರ ಎರಡು ತಿಂಗಳು ಬೇಕಾಯಿತು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಮರೆವಿನ ಕಾಯಿಲೆಗೆ ಸಂಬಂಧಪಟ್ಟ, ನಾವು ತಿದ್ದಬಹುದಾದ 14 ಕಾರಣಗಳ ಪಟ್ಟಿ ಕೊಟ್ಟಿದೆ. ಕಿವಿ ಕೇಳದಿರುವುದು ಅದರಲ್ಲಿ ಮುಖ್ಯವಾದದ್ದು. ಬಿಪಿಯೂ ಇದೆ, ಒಂಟಿತನವೂ ಇದೆ. ಮೆಷಿನ್ ಹಾಕಿದರೆ ಮರೆವು ಬರುವುದೇ ಇಲ್ಲ ಅಂತ ನಾನು ಹೇಳಲಿಲ್ಲ. ಅಮೆರಿಕದಲ್ಲಿ 70 ದಾಟಿದ 977 ಜನರ ಮೇಲೆ ಮೂರು ವರ್ಷ ನೋಡಿ 2023ರಲ್ಲಿ ಫಲಿತಾಂಶ ಕೊಟ್ಟ ಪರೀಕ್ಷೆಯಲ್ಲಿ ಎಲ್ಲರನ್ನೂ ಸೇರಿಸಿದರೆ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಜಾಸ್ತಿ ಇದ್ದವರಲ್ಲಿ ಮಾತ್ರ ಬುದ್ಧಿ ಕುಂದುವ ವೇಗ ಸುಮಾರು ಅರ್ಧಕ್ಕೆ ಇಳಿದಿತ್ತು. ಇಷ್ಟನ್ನೂ ಹಾಗೇ ಹೇಳಿದೆ. ಅವರಿಗೆ ಅದಕ್ಕಿಂತ ನಾಟಿದ್ದು ಬೇರೆ: ಕೆನಡಾದ ಮೊಮ್ಮಗಳು ವಿಡಿಯೋ ಕಾಲಿನಲ್ಲಿ ಏನು ಹೇಳುತ್ತಾಳೆ ಅಂತ ವರ್ಷದಿಂದ ಗೊತ್ತಾಗದೆ ಸುಮ್ಮನೆ ನಗುತ್ತಿದ್ದರಂತೆ. ಅದನ್ನು ಹೇಳುವಾಗ ಗಂಟಲು ಕಟ್ಟಿತ್ತು.

ನಡಿಗೆ, ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಸ್ನಾಯು ಗಟ್ಟಿಯಾಗುವ ಕೆಲಸ. ತೋಟವನ್ನು ಜೀಪಿನಲ್ಲಿ ಸುತ್ತುವ ಬದಲು ಇಳಿದು ನಡೆಯಿರಿ ಎಂದೆ, ಅಷ್ಟೆ. ಕಡುಂಬುಟ್ಟು ವಾಪಸ್ ಬಂತು. ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸವನ್ನೂ ಕುಡಿದರಂತೆ. ವರ್ಷಕ್ಕೊಂದು ದಿನ, ಮನೆಯವರೆಲ್ಲ ಕೂತು, ಮರುದಿನ ಮೂತ್ರದ ಬಣ್ಣ ನೋಡಿ ನಗುವ ಈ ಮದ್ದಿಗೆ ನನ್ನ ತಕರಾರಿಲ್ಲ.

ಕ್ಯಾಲ್ಸಿಯಂ ಇಳಿದಿದೆ. ಬಿಪಿ 130ರ ಆಸುಪಾಸಿನಲ್ಲಿದೆ. ಮಾತ್ರೆ ಹದಿನೇಳರಿಂದ ಮೂರಕ್ಕೆ ಬಂದಿದೆ. ಎನ್‌ಎಂಎನ್ ಮಾತ್ರ ಬಿಟ್ಟುಕೊಟ್ಟಿಲ್ಲ. ಇಲಿಗಳಲ್ಲಿ ಕಂಡದ್ದು ಮನುಷ್ಯರಲ್ಲಿ ಇನ್ನೂ ಸಾಬೀತಾಗಿಲ್ಲ ಅಂತ ಗೊತ್ತಿದ್ದೂ. "ಅದೊಂದು ಇರ್ಲಿ ಮೇಡಂ," ಎನ್ನುತ್ತಾರೆ. ವೈದ್ಯರಿಗೆ ಗೊತ್ತಿದೆ, ದುಡ್ಡು ಅವರದ್ದು. ನಾನು ಆ ಪುಟ ಮುಚ್ಚಿದೆ.

ಮೆಷಿನ್ನನ್ನು ಮನೆಯಲ್ಲಿ ಹಾಕುತ್ತಾರೆ, ಮದುವೆಮನೆಗೆ ಹೋಗುವಾಗ ಜೇಬಿಗೆ ಹಾಕುತ್ತಾರೆ. ಕೊನೆಯ ಭೇಟಿಯಲ್ಲಿ ಅಕ್ಕನನ್ನು ಕೇಳಿದೆ, ಈಗ ಹೇಗೆ ಅಂತ.

"ಈಗ ಎಲ್ಲಾ ಕೇಳ್ಸುತ್ತೆ ಮೇಡಂ," ಎಂದರು. "ಕೇಳೋದಿಲ್ಲ, ಅಷ್ಟೆ."